ಡಾರ್ಕ್‌ರೂಮ್‌ನಲ್ಲಿ ಮೊದಲ ಪ್ರಿಂಟ್: ಒಂದೇ ನೆಗೆಟಿವ್ ಹಿಡಿದು ಕೂರಿ

ಫಿಲ್ಮ್ ರೋಲ್ ತೊಳೆಸಿ, ಸ್ಕ್ಯಾನ್ ಮಾಡಿಸಿ, ಫೋನಿಗೆ ಹಾಕಿಕೊಂಡು ಅಲ್ಲಿಗೇ ಬಿಡುವವರು ಈಗ ಜಾಸ್ತಿ. ತಪ್ಪೇನಿಲ್ಲ. ಆದರೆ ನೆಗೆಟಿವ್ ಇರುವುದೇ ಕಾಗದಕ್ಕೆ ಇಳಿಸುವುದಕ್ಕೆ. ಆ ಕೆಲಸವನ್ನು ಮನೆಯ ಬಚ್ಚಲಿನಲ್ಲೇ ಕಲಿಯಬಹುದು.

ಹೊಸಬರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಮೊದಲ ಸಂಜೆಯೇ ಹತ್ತು ನೆಗೆಟಿವ್ ಹಾಕಿ ನೋಡುತ್ತಾರೆ. ಒಂದು ಕಪ್ಪಗೆ ಬರುತ್ತದೆ, ಇನ್ನೊಂದು ಬೆಳ್ಳಗೆ. ಸಮಯ ಬದಲಿಸುತ್ತಾರೆ, ಜೊತೆಗೇ ಲೆನ್ಸಿನ ಅಪರ್ಚರ್ (ಬೆಳಕು ಬರುವ ಕಿಂಡಿ) ತಿರುಗಿಸುತ್ತಾರೆ, ಚಿತ್ರ ಕಪ್ಪಾಗುತ್ತಿದೆ ಅಂತ ಹೆದರಿ ಚಿತ್ರ ಮೂಡಿಸುವ ದ್ರಾವಣದಿಂದ, ಅಂದರೆ ಡೆವಲಪರ್‌ನಿಂದ, ಬೇಗ ಎತ್ತುತ್ತಾರೆ. ಕೊನೆಗೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ. ಅದಕ್ಕೇ ನನ್ನ ಸಲಹೆ ಇಷ್ಟು: ಒಂದು ನೆಗೆಟಿವ್ ಆರಿಸಿಕೊಳ್ಳಿ. ಅದು ಒಪ್ಪವಾಗಿ ಬರುವವರೆಗೆ ಅದನ್ನೇ ಹಿಡಿದು ಕೂರಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ.

ಇಲ್ಲಿ ಹೇಳುವುದೆಲ್ಲ ಕಪ್ಪು-ಬಿಳುಪಿಗೆ. ಕಲರ್‌ಗೆ ಕಾಗದವೂ ಬೇರೆ, ಕೆಮಿಕಲ್ಲೂ ಬೇರೆ, ಪೂರ್ತಿ ಕತ್ತಲೆಯೂ ಬೇಕು. ಈಗಲೇ ಅದರ ಗೋಜಿಗೆ ಹೋಗಬೇಡಿ.

ಕತ್ತಲೆ ಮಾಡಿಕೊಳ್ಳುವುದು

ರಾತ್ರಿ ಊಟ ಮುಗಿಸಿ ಶುರು ಮಾಡಿದರೆ ಅರ್ಧ ಕತ್ತಲೆ ಪುಕ್ಕಟೆ ಸಿಗುತ್ತದೆ. ಕಿಟಕಿಗೆ ಕಪ್ಪು ಪ್ಲಾಸ್ಟಿಕ್ ಶೀಟನ್ನು ಎರಡು ಪದರ ಮಾಡಿ ಹಾಕಿ, ಅಂಚಿಗೆಲ್ಲ ಟೇಪ್ ಅಂಟಿಸಿ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಟವೆಲ್ ತುರುಕಿ. ಆಮೇಲೆ ದೀಪ ಆರಿಸಿ 10 ನಿಮಿಷ ಸುಮ್ನೆ ಕೂತಿರಿ. ಮೊದಲು ಕಾಣದ ಸಂದಿಗಳು ಆಗ ಒಂದೊಂದೇ ಕಾಣತೊಡಗುತ್ತವೆ. ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗಳ ನಡುವೆ, ಬಾಗಿಲ ಕೀಲಿನ ಪಕ್ಕ, ಗೀಸರಿನ ಪುಟ್ಟ ದೀಪ. ಒಂದೊಂದನ್ನೂ ಮುಚ್ಚಿ. ಫೋನನ್ನು ಹೊರಗೇ ಇಟ್ಟು ಬನ್ನಿ. ಒಂದು ಮೆಸೇಜ್ ಬಂದು ಸ್ಕ್ರೀನ್ ಬೆಳಗಿದರೆ ಹೊರಗಿರುವ ಕಾಗದವೆಲ್ಲ ಹಾಳು.

ಜಾಗವನ್ನು ಒಣ ಕಡೆ, ಒದ್ದೆ ಕಡೆ ಅಂತ ಎರಡು ಪಾಲು ಮಾಡಿ. ಎನ್‌ಲಾರ್ಜರ್ (ನೆಗೆಟಿವ್ ಮೂಲಕ ಬೆಳಕು ಹಾಯಿಸಿ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ), ಕಾಗದ, ನೆಗೆಟಿವ್ ಒಂದು ಕಡೆ. ಟ್ರೇಗಳು ಇನ್ನೊಂದು ಕಡೆ. ಎನ್‌ಲಾರ್ಜರಿನ ವೈರು ನೆಲಕ್ಕೆ ತಾಗದ ಹಾಗೆ ಎತ್ತರದಲ್ಲಿ ಬರಲಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಲೇಬಾರದು, ಹೆಗಲ ಮೇಲೊಂದು ಒಣ ಬಟ್ಟೆ ಯಾವಾಗಲೂ ಇರಲಿ. ಗಾಳಿಯಾಡದ ಕೋಣೆಯಾದರೆ ಅರ್ಧ ಗಂಟೆಗೊಮ್ಮೆ ಕಾಗದವನ್ನು ಅದರ ಕಪ್ಪು ಚೀಲಕ್ಕೆ ಸೇರಿಸಿ, ಬಾಗಿಲು ತೆಗೆದು ಹೊರಗೆ ಬನ್ನಿ.

ಈಗ ಕೆಂಪು ದೀಪ. ಕಪ್ಪು-ಬಿಳುಪು ಕಾಗದಕ್ಕೆ ಕಾಣುವುದು ನೀಲಿ ಮತ್ತು ಹಸಿರು ಬೆಳಕು ಮಾತ್ರ. ಕೆಂಪು ಕಾಣುವುದಿಲ್ಲ. ಅಂಗಡಿಯ ಕೆಂಪು ಜೀರೋ ಬಲ್ಬ್ ನಡೆಯುತ್ತದಾ ಅಂದರೆ, ಕೆಲವು ನಡೆಯುತ್ತವೆ, ಕೆಲವು ಇಲ್ಲ. ಬಣ್ಣ ತೆಳುವಾಗಿದ್ದರೆ ಬಿಳಿ ಬೆಳಕು ಸೋರುತ್ತದೆ. ಪರೀಕ್ಷೆ ಮಾಡಿಯೇ ನಂಬಬೇಕು. ಒಂದು ತುಂಡು ಕಾಗದಕ್ಕೆ ತೆಳು ಬೂದು ಬಣ್ಣ ಬರುವಷ್ಟು ಬೆಳಕನ್ನು ಮೊದಲು ಕೊಡಿ. ಅದರ ಮೇಲೆ ಒಂದು ನಾಣ್ಯ ಇಟ್ಟು, ಕೆಂಪು ದೀಪದ ಕೆಳಗೆ 5 ನಿಮಿಷ ಬಿಡಿ. ಆಮೇಲೆ ಡೆವಲಪ್ ಮಾಡಿ. ನಾಣ್ಯದ ಗುರುತು ಕಂಡರೆ ದೀಪ ಸರಿಯಿಲ್ಲ. ಖಾಲಿ ಕಾಗದದ ಮೇಲೆ ನಾಣ್ಯ ಇಟ್ಟು ನೋಡುವವರೂ ಇದ್ದಾರೆ. ಆದರೆ ಅದು ಅರೆಬರೆ ಪರೀಕ್ಷೆ. ಮೊದಲೇ ಸ್ವಲ್ಪ ಬೆಳಕು ಕಂಡ ಕಾಗದವೇ ಉಳಿದ ಬೆಳಕಿಗೆ ಬೇಗ ಸೋಲುವುದು, ನಿಮ್ಮ ನಿಜವಾದ ಪ್ರಿಂಟ್ ಕೂಡ ಅಂಥದ್ದೇ ಅಲ್ವಾ?

ಮೂರು ಟ್ರೇ

ಚಿತ್ರ ಮೂಡಿಸಲು ಡೆವಲಪರ್, ಮೂಡುವುದನ್ನು ನಿಲ್ಲಿಸಲು ಸ್ಟಾಪ್ ಬಾತ್, ಮೂಡಿದ ಚಿತ್ರ ಬೆಳಕಿಗೆ ಕೆಡದ ಹಾಗೆ ಮಾಡಲು ಫಿಕ್ಸರ್. ಕೊನೆಗೊಂದು ನೀರಿನ ಬಕೆಟ್. ಪ್ಲಾಸ್ಟಿಕ್ ಟ್ರೇಗಳು ಪಾತ್ರೆ ಅಂಗಡಿಯಲ್ಲೇ ಸಿಗುತ್ತವೆ. ಆದರೆ ಒಮ್ಮೆ ಕೆಮಿಕಲ್ ಹಾಕಿದ ಟ್ರೇ ಮತ್ತೆ ಅಡುಗೆಮನೆಗೆ ಹೋಗಬಾರದು. ಚಿಮುಟ ಎರಡು ಬೇಕು: ಒಂದು ಡೆವಲಪರ್‌ಗೆ, ಇನ್ನೊಂದು ಉಳಿದೆರಡಕ್ಕೆ. ಫಿಕ್ಸರಿನ ನಾಲ್ಕು ಹನಿ ಡೆವಲಪರಿಗೆ ಬಿದ್ದರೂ ಕೆಡುತ್ತದೆ. ಕತ್ತಲಲ್ಲಿ ಗೊಂದಲ ಆಗದಿರಲು ಚಿಮುಟಗಳ ಹಿಡಿಗೆ ಬೇರೆ ಬೇರೆ ಥರ ದಾರ ಸುತ್ತಿಡಿ.

ಸಿದ್ಧ ದ್ರಾವಣ ಸಿಕ್ಕರೆ ಅದೇ ಸುಲಭ. ಇಲ್‌ಫರ್ಡ್ ಮಲ್ಟಿಗ್ರೇಡ್ ಡೆವಲಪರ್ ಆದರೆ 1 ಪಾಲಿಗೆ 9 ಪಾಲು ನೀರು. ಸಿಗದಿದ್ದರೆ ಕೊಡಾಕ್‌ನ ಹಳೆಯ ಡಿ-72 ಸೂತ್ರವನ್ನು ಮನೆಯಲ್ಲೇ ಬೆರೆಸಬಹುದು. ಗ್ರಾಂ ಲೆಕ್ಕದ ತಕ್ಕಡಿ ಇರಬೇಕು ಅಷ್ಟೆ. ಅರ್ಧ ಲೀಟರ್ ಬೆಚ್ಚಗಿನ ನೀರಿಗೆ 3 ಗ್ರಾಂ ಮೆಟಾಲ್, 45 ಗ್ರಾಂ ಸೋಡಿಯಂ ಸಲ್ಫೈಟ್, 12 ಗ್ರಾಂ ಹೈಡ್ರೋಕ್ವಿನೋನ್, ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್ 67.5 ಗ್ರಾಂ, ಪೊಟ್ಯಾಶಿಯಂ ಬ್ರೋಮೈಡ್ 2 ಗ್ರಾಂ. ಇದೇ ಕ್ರಮದಲ್ಲಿ, ಒಂದು ಪೂರ್ತಿ ಕರಗಿದ ಮೇಲೆ ಇನ್ನೊಂದು. ಕೊನೆಗೆ ನೀರು ಸೇರಿಸಿ 1 ಲೀಟರ್ ಮಾಡಿ. ಸಲ್ಫೈಟ್ ಮೊದಲೇ ಬಿದ್ದರೆ ಮೆಟಾಲ್ ಸರಿಯಾಗಿ ಕರಗುವುದಿಲ್ಲ. ಬಳಸುವಾಗ 1 ಪಾಲಿಗೆ 2 ಪಾಲು ನೀರು. ಕಾರ್ಬೊನೇಟ್ ಅಂದರೆ ವಾಷಿಂಗ್ ಸೋಡಾ, ಅಡುಗೆ ಸೋಡಾ ಅಲ್ಲ. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೈಗವಸು ಹಾಕಿಕೊಳ್ಳಿ. ಪುಡಿ ತೂಗುವಾಗ ಮೂಗು-ಬಾಯಿಗೆ ಮಾಸ್ಕ್ ಇರಲಿ.

ಸ್ಟಾಪ್ ಬಾತ್‌ಗೆ ಅಂಗಡಿಯ ಬಿಳಿ ವಿನೆಗರ್ ಸಾಕು, 1 ಪಾಲಿಗೆ 2 ಪಾಲು ನೀರು. ಫಿಕ್ಸರನ್ನು ಹಳೆಯ ಸ್ಟುಡಿಯೋದವರು ಇಂದಿಗೂ ಹೈಪೋ ಅನ್ನುತ್ತಾರೆ. ಜಾನ್ ಹರ್ಷೆಲ್ 1819ರಲ್ಲೇ ಹೈಪೋ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಅಂತ ಕಂಡುಕೊಂಡಿದ್ದ. ಇಪ್ಪತ್ತು ವರ್ಷದ ಮೇಲೆ ಫೋಟೋಗ್ರಫಿ ಬಂದಾಗ ಅದೇ ಕೈಹಿಡಿಯಿತು. ಈಗಿನ ರ‍್ಯಾಪಿಡ್ ಫಿಕ್ಸರ್ ಅದಕ್ಕಿಂತ ಬೇಗ ಕೆಲಸ ಮಾಡುತ್ತದೆ.

ನೀರಿನ ಬಗ್ಗೆ ಒಂದು ಮಾತು. ಪುಸ್ತಕಗಳೆಲ್ಲ 20 ಡಿಗ್ರಿ ಅನ್ನುತ್ತವೆ. ನಮ್ಮ ನಲ್ಲಿಯ ನೀರು ಬೇಸಿಗೆಯಲ್ಲಿ ಅಷ್ಟು ತಣ್ಣಗೆ ಎಲ್ಲಿ ಬರಬೇಕು? ಮಂಗಳೂರಲ್ಲೋ ಕಲಬುರಗಿಯಲ್ಲೋ ಕೇಳುವುದೇ ಬೇಡ. ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಯನ್ನು ದೊಡ್ಡ ಟಬ್ಬಿನಲ್ಲಿಟ್ಟು, ಅದರೊಳಗೆ ಡೆವಲಪರ್ ಟ್ರೇ ತೇಲಿಸಿದರೆ ಸಾಕಷ್ಟು ಇಳಿಯುತ್ತದೆ. 24 ಡಿಗ್ರಿಯಲ್ಲಿ ನಿಂತರೂ ಅಡ್ಡಿಯಿಲ್ಲ. ಮುಖ್ಯವಾದದ್ದು ಆ ಸಂಜೆ ಪೂರ್ತಿ ಅದು ಹಾಗೇ ಇರುವುದು. ಬೋರ್‌ವೆಲ್ ನೀರು ಗಡುಸಾಗಿದ್ದರೆ ಡೆವಲಪರ್ ಬೆರೆಸಲು ಫಿಲ್ಟರ್ ನೀರು ಬಳಸಿ. ತೊಳೆಯಲು ಯಾವ ನೀರಾದರೂ ಆಗುತ್ತದೆ.

ಎನ್‌ಲಾರ್ಜರ್ ಇಲ್ಲದೆಯೂ ಶುರು ಮಾಡಬಹುದು

ಇದನ್ನು ಯಾಕೋ ಯಾರೂ ಹೇಳುವುದಿಲ್ಲ. ಮನೆಯ ಟ್ರಂಕಿನಲ್ಲಿ ಹಳೆಯ ದೊಡ್ಡ ನೆಗೆಟಿವ್‌ಗಳಿದ್ದರೆ ನಿಮ್ಮ ಅದೃಷ್ಟ. ಒಂದು ಕಾಲದಲ್ಲಿ ಮನೆಮನೆಯಲ್ಲಿದ್ದ ಅಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ 120 ಫಿಲ್ಮಿನಲ್ಲಿ 6 ಸೆಂಟಿಮೀಟರ್ ಚೌಕದ ನೆಗೆಟಿವ್ ಕೊಡುತ್ತಿತ್ತು. ಅದನ್ನು ನೇರವಾಗಿ ಕಾಗದದ ಮೇಲಿಟ್ಟು, ಮೇಲೊಂದು ದಪ್ಪ ಗಾಜು ಹೇರಿ, ಮೇಲಿನಿಂದ ಸಣ್ಣ ಬಲ್ಬ್ ಹೊತ್ತಿಸಿದರೆ ಅಷ್ಟೇ ಗಾತ್ರದ ಪ್ರಿಂಟ್ ಬರುತ್ತದೆ. ಅಂಗೈಯಗಲದ್ದಾದರೂ ಎಷ್ಟು ಚೂಪಾಗಿರುತ್ತದೆ ಅಂದರೆ, ಅಜ್ಜಿಯ ಸೀರೆಯ ಅಂಚಿನ ಗೆರೆ ಎಣಿಸಬಹುದು. ಟ್ರೇ, ಕಾಗದ, ಸಮಯ ಎಲ್ಲದರ ಅಭ್ಯಾಸ ಇದರಲ್ಲೇ ಆಗುತ್ತದೆ. ಎನ್‌ಲಾರ್ಜರ್ ಆಮೇಲೆ ಹುಡುಕಿ.

ಹುಡುಕುವಾಗ ಮುಚ್ಚಿದ ಸ್ಟುಡಿಯೋಗಳನ್ನು ವಿಚಾರಿಸಿ. ಅಟ್ಟದ ಮೇಲೆ ಇನ್ನೂ ಎಷ್ಟೋ ಇವೆ. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯ ಹಾಗೆ ಫಂಗಸ್ ಇದೆಯಾ ನೋಡಿ. ನಮ್ಮ ಮಳೆಗಾಲ ಬಿಡುವುದಿಲ್ಲ. 35 ಎಂಎಂ ನೆಗೆಟಿವ್‌ಗೆ 50 ಎಂಎಂ ಲೆನ್ಸ್ ಬೇಕು, 6 ಸೆಂಟಿಮೀಟರ್ ಚೌಕಕ್ಕೆ 75 ಅಥವಾ 80. ನೆಗೆಟಿವ್ ಕ್ಯಾರಿಯರ್ (ನೆಗೆಟಿವ್ ಹಿಡಿದಿಡುವ ಚೌಕಟ್ಟು) ಇಲ್ಲದಿದ್ದರೆ ಎನ್‌ಲಾರ್ಜರ್ ಖರೀದಿಸಬೇಡಿ, ಬಿಡಿಯಾಗಿ ಸಿಗುವುದು ಕಷ್ಟ. ಬಲ್ಬ್ ಹಾಲುಬಣ್ಣದ್ದಾಗಿರಬೇಕು, ಗಾಜಿನ ಮೇಲೆ ಬರಹ ಇರಬಾರದು. ಇದ್ದರೆ ಅದರ ನೆರಳು ಪ್ರಿಂಟಿಗೆ ಬೀಳಬಹುದು.

ಕಾಗದಕ್ಕೆ ಹಿಂದೆ ನಮಗೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಇತ್ತು, ‘ಇಂದು’ ಬ್ರಾಂಡಿನ ಕಾಗದ, ಫಿಲ್ಮ್ ಎರಡೂ ಬರುತ್ತಿದ್ದವು. ಆ ಕಾರ್ಖಾನೆ ಮುಚ್ಚಿದೆ. ಈಗ ಇಲ್‌ಫರ್ಡ್, ಫೋಮಾ ಅಂಥ ಆಮದು ಕಾಗದವೇ ಗತಿ, ಬೆಲೆಯೂ ಹಾಗೇ. ಕಲಿಯುವವರು ಆರ್‌ಸಿ ಕಾಗದ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಲೇಪ ಇರುವುದರಿಂದ ಬೇಗ ತೊಳೆದು ಬೇಗ ಒಣಗುತ್ತದೆ. ಫೈಬರ್ ಕಾಗದದ ಅಂದವೇ ಬೇರೆ, ಆದರೆ ತೊಳೆಯಲು ಹೊತ್ತು ಹಿಡಿಯುತ್ತದೆ, ಒಣಗಿದರೆ ಮುದುರುತ್ತದೆ. ಕೈ ಪಳಗಿದ ಮೇಲೆ ಸಾಕು. ಮಲ್ಟಿಗ್ರೇಡ್ ಕಾಗದವನ್ನೇ ಕೇಳಿ. ಎನ್‌ಲಾರ್ಜರಿಗೆ ಹಾಕುವ ನಂಬರಿನ ಬಣ್ಣದ ಫಿಲ್ಟರ್ ಬದಲಿಸಿದರೆ ಒಂದೇ ಪೆಟ್ಟಿಗೆಯಲ್ಲಿ ಎಲ್ಲ ಕಾಂಟ್ರಾಸ್ಟೂ (ಕಪ್ಪಿಗೂ ಬಿಳುಪಿಗೂ ಇರುವ ಅಂತರ) ಸಿಗುತ್ತದೆ.

ನೆಗೆಟಿವ್ ಆರಿಸುವುದು

ಮೊದಲು ರೋಲಿನ ಕಾಂಟ್ಯಾಕ್ಟ್ ಶೀಟ್ ಮಾಡಿ, ಅಂದರೆ ಎಲ್ಲ ನೆಗೆಟಿವೂ ಅದದೇ ಗಾತ್ರದಲ್ಲಿ ಒಂದೇ ಹಾಳೆಗೆ ಬರುವ ಪ್ರಿಂಟ್. ಎನ್‌ಲಾರ್ಜರಿನ ಬೆಳಕಿನ ಕೆಳಗೆ 8×10 ಇಂಚಿನ ಕಾಗದ, ಮೇಲೆ ನೆಗೆಟಿವ್ ಪಟ್ಟಿಗಳು, ಅದರ ಮೇಲೆ ಗಾಜು. 35 ಎಂಎಂನ 6 ಪಟ್ಟಿ ಪಕ್ಕಪಕ್ಕ ಇಟ್ಟರೆ 210 ಮಿಲಿಮೀಟರ್ ಆಗುತ್ತದೆ. 8 ಇಂಚು ಅಂದರೆ 203. ಹಾಗಾಗಿ ತೂತಿನ ಅಂಚುಗಳನ್ನು ಒಂದರ ಮೇಲೊಂದು ಚೂರು ಏರಿಸಿ ಇಡಿ.

ಅದರಲ್ಲಿ ಒಂದನ್ನು ಆರಿಸಿ. ಹೃದಯಕ್ಕೆ ಹತ್ತಿರವಾದ ಫೋಟೋ ಬೇಡ. ಕತ್ತಲು-ಬೆಳಕು ಎರಡೂ ಚೆನ್ನಾಗಿರುವ ನೆಗೆಟಿವ್ ಬೇಕು. ದಿನಪತ್ರಿಕೆಯ ಮೇಲಿಟ್ಟು ನೋಡಿ: ಅತಿ ದಟ್ಟವಾದ ಭಾಗದ ಮೂಲಕವೂ ಅಕ್ಷರ ಕಷ್ಟಪಟ್ಟು ಕಾಣಬೇಕು, ತೀರಾ ತೆಳು ಭಾಗದಲ್ಲೂ ಏನಾದರೂ ವಿವರ ಇರಬೇಕು. ಉದಾಹರಣೆಗೆ ಇಲ್ಲೊಂದು ಚಿತ್ರ ಅಂದುಕೊಳ್ಳೋಣ. ಮಲೆನಾಡಿನ ಅಡಿಕೆ ಅಂಗಳ. ಬಿಸಿಲಲ್ಲಿ ಬಿಳಿ ಪಂಚೆ ಉಟ್ಟು ಅಡಿಕೆ ಹರವುತ್ತಿರುವ ಹಿರಿಯರು. ಹಿಂದೆ ಹೆಂಚಿನ ಮಾಡಿನ ಕೆಳಗೆ ಕತ್ತಲು ಜಗಲಿ, ಅಲ್ಲೊಬ್ಬ ಹುಡುಗ ಕೂತಿದ್ದಾನೆ. ಪಂಚೆಯ ಮಡಿಕೆಯೂ ಕಾಣಬೇಕು, ಹುಡುಗನ ಮುಖವೂ ಕಾಣಬೇಕು. ಕಲಿಯಲು ಇದಕ್ಕಿಂತ ಒಳ್ಳೆಯ ನೆಗೆಟಿವ್ ಬೇಡ.

ಟೆಸ್ಟ್ ಸ್ಟ್ರಿಪ್

ನೆಗೆಟಿವಿನ ಧೂಳನ್ನು ಬ್ಲೋವರಿನಿಂದ ಊದಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಹೊಳೆಯುವ ಮೈ ಮೇಲೆ, ಮಂಕಾದ ಮೈ ಕೆಳಗೆ. ಮೇಲಿನಿಂದ ನೋಡಿದಾಗ ಫಿಲ್ಮಿನ ಅಂಚಿನ ಅಕ್ಷರ ನೇರವಾಗಿ ಓದಲು ಬಂದರೆ ಸರಿಯಾಗಿ ಇಟ್ಟಿದ್ದೀರಿ. ಹಾಳಾದ ಒಂದು ಕಾಗದವನ್ನು ಬೋರ್ಡಿನ ಮೇಲಿಟ್ಟು, ಲೆನ್ಸನ್ನು ಪೂರ್ತಿ ತೆರೆದು, ಫೋಕಸ್ ಮಾಡಿ. ಆಮೇಲೆ ಅಪರ್ಚರನ್ನು ಎಫ್ 8ಕ್ಕೆ ತನ್ನಿ. ಇನ್ನು ಅದನ್ನು ಮುಟ್ಟಬೇಡಿ. 2ನೇ ನಂಬರಿನ ಫಿಲ್ಟರ್ ಹಾಕಿ.

ಇಡೀ ಹಾಳೆ ಹಾಕುವ ಆಸೆಯಾಗುತ್ತದೆ. ಬೇಡ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡುವ ಹಾಗೆ ಒಂದು ಪಟ್ಟಿ ಸಾಕು. ಒಂದು ಹಾಳೆಯನ್ನು ನಾಲ್ಕೈದು ಪಟ್ಟಿ ಮಾಡಿಟ್ಟುಕೊಳ್ಳಿ. ಪಂಚೆಯ ಬಿಳುಪೂ ಜಗಲಿಯ ಕಪ್ಪೂ ಎರಡೂ ಬೀಳುವ ಕಡೆ ಪಟ್ಟಿ ಇಡಿ. ಇಡೀ ಪಟ್ಟಿಗೆ 4 ಸೆಕೆಂಡ್ ಬೆಳಕು ಕೊಡಿ. ರಟ್ಟಿನಿಂದ ಕಾಲು ಭಾಗ ಮುಚ್ಚಿ ಇನ್ನೂ 4. ಅರ್ಧ ಮುಚ್ಚಿ 8. ಮುಕ್ಕಾಲು ಮುಚ್ಚಿ 16. ಈಗ ನಿಮ್ಮ ಹತ್ತಿರ 4, 8, 16, 32 ಸೆಕೆಂಡಿನ ನಾಲ್ಕು ಮೆಟ್ಟಿಲು ಇವೆ.

5, 10, 15, 20 ಅಂತ ಯಾಕೆ ಬೇಡ? ನಮ್ಮ ಕಣ್ಣು ಬೆಳಕನ್ನು ಕೂಡಿ ನೋಡುವುದಿಲ್ಲ, ಎಷ್ಟು ಪಟ್ಟು ಅಂತ ನೋಡುತ್ತದೆ. 5ರಿಂದ 10ಕ್ಕೆ ಹೋದರೆ ದೊಡ್ಡ ಜಿಗಿತ. 15ರಿಂದ 20ಕ್ಕೆ ಹೋದರೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಪಟ್ಟಿಯ ಅರ್ಧ ದಂಡ.

ಈಗ ಟ್ರೇ. ಪಟ್ಟಿಯನ್ನು ಡೆವಲಪರಿಗೆ ಒಂದೇ ಸಲಕ್ಕೆ ಜಾರಿಸಿ, ಟ್ರೇಯ ಒಂದು ಮೂಲೆ ಮೆಲ್ಲಗೆ ಎತ್ತಿ ಇಳಿಸುತ್ತಿರಿ. ಸ್ವಲ್ಪ ಹೊತ್ತಿನಲ್ಲೇ ಜಗಲಿಯ ಕಪ್ಪು ಮೊದಲು ಮೂಡುತ್ತದೆ, ಆಮೇಲೆ ಹೆಂಚು, ಕೊನೆಗೆ ಪಂಚೆಯ ನೆರಳು. ಇಲ್ಲೇ ಕೈ ತುರಿಸುವುದು. ಕೆಂಪು ಬೆಳಕಿನಲ್ಲಿ ಎಲ್ಲವೂ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಆದ್ದರಿಂದ ಏನೇ ಆದರೂ ಪೂರ್ತಿ 1 ನಿಮಿಷ ಬಿಡಿ. ಬೇಗ ಎತ್ತಿದ ಪ್ರಿಂಟಿನಲ್ಲಿ ಕಪ್ಪು ಕಪ್ಪಾಗಿರುವುದಿಲ್ಲ, ಕೆಸರಿನ ಬಣ್ಣ ಬರುತ್ತದೆ. ಡೆವಲಪರ್ ಸೋರಿಸಿ ಸ್ಟಾಪ್‌ನಲ್ಲಿ 10 ಸೆಕೆಂಡ್, ರ‍್ಯಾಪಿಡ್ ಫಿಕ್ಸರಿನಲ್ಲಿ ಡಬ್ಬದ ಮೇಲೆ ಹೇಳಿದಷ್ಟು, ಆರ್‌ಸಿಗೆ ಸಾಮಾನ್ಯವಾಗಿ 30 ಸೆಕೆಂಡ್. ಸಾದಾ ಹೈಪೋ ಆದರೆ ಕೆಲವು ನಿಮಿಷ ಬೇಕು. ಆಮೇಲೆ ಬಿಳಿ ದೀಪ ಹಾಕಬಹುದು. ಅದಕ್ಕೂ ಮೊದಲು ಕಾಗದದ ಪೆಟ್ಟಿಗೆ ಮುಚ್ಚಿದೆಯಾ ನೋಡಿಕೊಳ್ಳಿ.

ಪಟ್ಟಿಯಲ್ಲಿ ಕಪ್ಪನ್ನು ನೋಡಬೇಡಿ. ಬಿಳುಪನ್ನು ನೋಡಿ. ಪಂಚೆ ಬಿಳಿಯಾಗಿಯೇ ಇದ್ದು ಮಡಿಕೆ ಕಾಣುವ ಮೆಟ್ಟಿಲು ಯಾವುದು? 8ರಲ್ಲಿ ಖಾಲಿ ಕಾಗದ, 16ರಲ್ಲಿ ಪಂಚೆ ಮಾಸಲು ಅಂದುಕೊಳ್ಳಿ. ಹಾಗಾದರೆ ಉತ್ತರ ನಡುವೆ ಇದೆ. 8, 10, 12, 14ರ ಇನ್ನೊಂದು ಪಟ್ಟಿ ಮಾಡಿ. 12 ಸರಿ ಅನ್ನಿಸಿತು ಅಂತ ಇಟ್ಟುಕೊಳ್ಳೋಣ.

ಈಗ ಕಪ್ಪಿಗೆ ಬನ್ನಿ. 12 ಸೆಕೆಂಡಿನಲ್ಲಿ ಜಗಲಿ ಬರೀ ಬೂದಿ ಬಣ್ಣವಾಗಿದ್ದರೆ ಕಾಂಟ್ರಾಸ್ಟ್ ಸಾಲದು, 3ನೇ ಫಿಲ್ಟರ್ ಹಾಕಿ. ಹುಡುಗ ಕಪ್ಪಿನಲ್ಲಿ ಪೂರ್ತಿ ಮುಳುಗಿದ್ದರೆ ಜಾಸ್ತಿಯಾಗಿದೆ, 1ಕ್ಕೆ ಇಳಿಸಿ. ಸಮಯ ಬಿಳುಪಿಗೆ, ಫಿಲ್ಟರ್ ಕಪ್ಪಿಗೆ. ಫಿಲ್ಟರ್ ಬದಲಿಸಿದ ಮೇಲೆ ಬಿಳುಪಿಗೆ ಮತ್ತೊಂದು ಪಟ್ಟಿ ಮಾಡಲೇಬೇಕು. ಇಲ್‌ಫರ್ಡ್ ಫಿಲ್ಟರ್‌ಗಳಲ್ಲಿ 4ರಿಂದ ಮೇಲಕ್ಕೆ ಹೋದರೆ ಸಮಯ ದುಪ್ಪಟ್ಟು ಕೊಡಬೇಕು.

ಒಂದೇ ಫಿಲ್ಟರ್, ಒಂದೇ ಸಮಯ, ಆದರೂ ಎರಡು ಪಟ್ಟಿ ಬೇರೆ ಬೇರೆ ಬಂದವಾ? ವೋಲ್ಟೇಜ್ ಮೇಲೆ ಅನುಮಾನ ಪಡಿ. ಪಕ್ಕದ ಮನೆಯವರು ಬೋರ್ ಮೋಟರ್ ಹಾಕಿದರೂ ಬಲ್ಬ್ ಮಂಕಾಗುತ್ತದೆ. ಫ್ರಿಜ್ಜಿಗೆ ಇಡುವಂಥ ಸ್ಟೆಬಿಲೈಸರ್ ಒಂದಿದ್ದರೆ ಬಹಳಷ್ಟು ಸುಧಾರಿಸುತ್ತದೆ.

ಪ್ರಿಂಟ್, ಮತ್ತು ಕೈಗಳ ಕೆಲಸ

ಈಗ ಇಡೀ ಹಾಳೆ ಹಾಕಿ, 12 ಸೆಕೆಂಡ್. ಬಂದದ್ದನ್ನು ತೊಳೆದು, ಕೋಣೆಯ ಹೊರಗೆ ತಂದು, ಗೋಡೆಗೆ ಒರಗಿಸಿ ದೂರದಿಂದ ನೋಡಿ. ಒಟ್ಟಾರೆ ಚೆನ್ನಾಗಿದೆ, ಆದರೆ ಪಂಚೆಯ ಒಂದು ಕಡೆ ಇನ್ನೂ ಬೋಳು, ಹುಡುಗನ ಮುಖ ಇನ್ನೂ ಕತ್ತಲು. ಇಲ್ಲಿಂದ ಮುಂದೆ ಕೈಗಳ ಕೆಲಸ.

ಹುಡುಗನಿಗೆ: ತಂತಿಯ ತುದಿಗೆ ಅವನ ಮುಖದ ನೆರಳಿಗಿಂತ ಚಿಕ್ಕದಾದ ರಟ್ಟಿನ ಬಿಲ್ಲೆ ಅಂಟಿಸಿ. 12 ಸೆಕೆಂಡಿನಲ್ಲಿ 3 ಸೆಕೆಂಡ್ ಅದನ್ನು ಲೆನ್ಸಿಗೂ ಕಾಗದಕ್ಕೂ ನಡುವೆ ಹಿಡಿದು ಮುಖದ ಮೇಲೆ ನೆರಳು ಬೀಳಿಸಿ. ಅಲುಗಾಡಿಸುತ್ತಲೇ ಇರಬೇಕು, ನಿಲ್ಲಿಸಿದರೆ ಸುತ್ತ ಅಂಚು ಮೂಡುತ್ತದೆ. ಇದು ಡಾಜಿಂಗ್. ಪಂಚೆಗೆ ತದ್ವಿರುದ್ಧ: ದೊಡ್ಡ ರಟ್ಟಿನಲ್ಲಿ ಒಂದು ತೂತು ಮಾಡಿ, 12 ಸೆಕೆಂಡ್ ಆದ ಮೇಲೆ ಆ ತೂತಿನ ಮೂಲಕ ಪಂಚೆಗೆ ಮಾತ್ರ ಇನ್ನೂ 6 ಸೆಕೆಂಡ್. ಇದು ಬರ್ನಿಂಗ್. ಎರಡು ಕೈಯ ಬೆರಳು ಕೂಡಿಸಿ ತೂತು ಮಾಡಿಕೊಂಡರೂ ನಡೆಯುತ್ತದೆ, ರೂಢಿಯಾದ ಮೇಲೆ ಅದೇ ಸಲೀಸು.

ಚಿತ್ರದ ಅಂಚುಗಳನ್ನು ತುಸು ಕಪ್ಪಾಗಿಸುವುದೂ ಹಳೆಯ ಪದ್ಧತಿ, ಕಣ್ಣು ಒಳಗೇ ಉಳಿಯುತ್ತದೆ. ಅತಿ ಮಾಡಿದರೆ ಸುರಂಗದಿಂದ ನೋಡಿದಂತಿರುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಇವರ ಕಪ್ಪು-ಬಿಳುಪು ಪ್ರಿಂಟ್‌ಗಳು ಎಲ್ಲಾದರೂ ಪ್ರದರ್ಶನದಲ್ಲಿದ್ದರೆ ತಪ್ಪದೆ ಹೋಗಿ. ಪುಸ್ತಕದಲ್ಲಿ ಅಚ್ಚಾದದ್ದಲ್ಲ, ಕಾಗದದ ಪ್ರಿಂಟನ್ನೇ ನೋಡಬೇಕು. ಒಳ್ಳೆಯ ಕಪ್ಪು ಎಷ್ಟು ಕಪ್ಪಾಗಿರುತ್ತದೆ ಅನ್ನುವುದು ಕಣ್ಣಿಗೆ ಗೊತ್ತಾಗದೆ ಕೈಗೆ ಬರುವುದಿಲ್ಲ.

ಮಾಡಿದ್ದನ್ನೆಲ್ಲ ಬರೆದಿಡಿ. ನೋಟ್‌ಬುಕ್ಕಿನಲ್ಲಿ ಚಿತ್ರದ ಒರಟು ಗೆರೆ ಎಳೆದು, ಪಂಚೆಯ ಮೇಲೆ ‘+6’, ಹುಡುಗನ ಮೇಲೆ ‘-3’. ಎನ್‌ಲಾರ್ಜರಿನ ಎತ್ತರ, ಅಪರ್ಚರ್, ಫಿಲ್ಟರ್ ಪಕ್ಕದಲ್ಲಿ.

ಆರ್‌ಸಿ ಪ್ರಿಂಟನ್ನು ಹರಿಯುವ ನೀರಿನಲ್ಲಿ 2 ನಿಮಿಷ ತೊಳೆದರೆ ಸಾಕು. ನೀರು ಒರೆಸಿ, ಬಟ್ಟೆ ಕ್ಲಿಪ್ಪಿಗೆ ಮೂಲೆ ಸಿಕ್ಕಿಸಿ ತೂಗುಹಾಕಿ. ಒಣಗಿದ ಮೇಲೆ ಏನಾದರೂ ಎಡವಟ್ಟು ಕಂಡರೆ ಹೀಗೆ ಊಹಿಸಿ: ಬಿಳಿ ಅಂಚು ಬೂದಾಗಿದ್ದರೆ ಎಲ್ಲೋ ಬೆಳಕು ಸೋರಿದೆ, ಇಲ್ಲವೇ ಕಾಗದ ಹಳೆಯದು. ಬಿಳಿ ಚುಕ್ಕೆಗಳು ಧೂಳು, ಸಣ್ಣ ಬ್ರಶ್ಶಿನಿಂದ ರೀಟಚ್ ಮಾಡಬಹುದು. ವಾರಗಳ ಮೇಲೆ ಕಂದು ಕಲೆ ಬಂದರೆ ಫಿಕ್ಸರ್ ಸೋತಿತ್ತು ಅಥವಾ ತೊಳೆದದ್ದು ಸಾಲದು. ಫಿಕ್ಸರ್ ಇನ್ನೂ ಜೀವಂತವಾ ಅಂತ ನೋಡಲು ಫಿಲ್ಮಿನ ತುದಿಯ ತುಂಡನ್ನು ಅದರಲ್ಲಿ ಅದ್ದಿ. ಹೊಸ ಫಿಕ್ಸರಿನಲ್ಲಿ ಪಾರದರ್ಶಕವಾಗಲು ಹಿಡಿದ ಸಮಯದ ದುಪ್ಪಟ್ಟು ಹಿಡಿದರೆ ಅದರ ಕಾಲ ಮುಗಿಯಿತು.

ಮುಗಿದ ಫಿಕ್ಸರನ್ನು ಚರಂಡಿಗೋ ಗಿಡದ ಬುಡಕ್ಕೋ ಸುರಿಯಬೇಡಿ. ನಿಮ್ಮ ಪ್ರಿಂಟ್‌ಗಳಿಂದ ಕರಗಿದ ಬೆಳ್ಳಿಯೆಲ್ಲ ಅದರಲ್ಲೇ ಇದೆ. ಒಂದು ಕ್ಯಾನಿನಲ್ಲಿ ಕೂಡಿಡಿ. ಎಕ್ಸ್‌ರೇ ಲ್ಯಾಬುಗಳ ಹೈಪೋ ಕೊಂಡು ಬೆಳ್ಳಿ ತೆಗೆಯುವವರಿದ್ದಾರೆ, ಅವರಿಗೆ ಕೊಡಬಹುದು. ಕೆಮಿಕಲನ್ನು ಯಾವತ್ತೂ ಕೂಲ್‌ಡ್ರಿಂಕ್ ಬಾಟಲಿಗೆ ತುಂಬಬೇಡಿ. ದೊಡ್ಡದಾಗಿ ಹೆಸರು, ತಾರೀಕು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಮುಂದಿನ ಸಲ ಅದೇ ರೋಲಿನ ಇನ್ನೊಂದು ನೆಗೆಟಿವ್ ಹಾಕುವಾಗ ಎನ್‌ಲಾರ್ಜರಿನ ಎತ್ತರ ಬದಲಿಸದೆ 12 ಸೆಕೆಂಡಿನಿಂದಲೇ ಶುರು ಮಾಡಿ. ಒಂದು ಪಟ್ಟಿಯಲ್ಲೇ ಸಮಯ ಸಿಕ್ಕರೂ ಸಿಗಬಹುದು. ಗಾತ್ರ ದೊಡ್ಡದು ಮಾಡುವ ಆಸೆಯಾದರೆ, ಎನ್‌ಲಾರ್ಜರಿನ ತಲೆ ಮೇಲೇರಿದಂತೆಲ್ಲ ಬೆಳಕು ಹರಡಿ ತೆಳುವಾಗುತ್ತದೆ ಅನ್ನುವುದು ನೆನಪಿರಲಿ. 35 ಎಂಎಂ ನೆಗೆಟಿವನ್ನು 5×7 ಇಂಚಿನಿಂದ 8×10ಕ್ಕೆ ಏರಿಸಿದರೆ ಸಮಯ ಸುಮಾರು ಎರಡೂಕಾಲು ಪಟ್ಟು ಬೇಕಾಗುತ್ತದೆ. ಅಂದರೆ 12 ಇದ್ದದ್ದು 27. ಪಂಚೆಯ 6, ಹುಡುಗನ 3 ಕೂಡ ಅದೇ ಲೆಕ್ಕದಲ್ಲಿ ಏರುತ್ತವೆ.